ಹೇಗಾಯಿತು ಎಂದು ಕೇಳುವ ಮನೆಯವರು

(ಜಯನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ವಿಷಯದ ಆಯ್ಕೆಯನ್ನು ನೀವು ನನಗೇ ಬಿಟ್ಟಿದ್ದೀರಿ. ಕಾಡುಪ್ರಾಣಿಯ ಬಾಯಿಗೋ ಕಾಲಿಗೋ ಸಿಕ್ಕಿ ಸತ್ತವರ ಮನೆಯವರ ಬಗ್ಗೆ ಮಾತಾಡುತ್ತೇನೆ. ಹುಲಿಯ ಬಗ್ಗೆ, ಆನೆಯ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಪುಸ್ತಕಗಳಿವೆ, ಒಳ್ಳೆಯ ಉಪನ್ಯಾಸಗಳೂ ಆಗಿವೆ. ಆದರೆ ಹೆಣ ಮನೆಗೆ ಬಂದ ಮೇಲೆ ಆ ಮನೆಯಲ್ಲಿ ಏನಾಗುತ್ತದೆ, ಅವರು ಯಾರ ಬಳಿ ಹೋಗಿ ಏನು ಕೇಳುತ್ತಾರೆ, ಅವರಿಗೆ ಏನು ಸಿಗುತ್ತದೆ ಎಂಬುದನ್ನು ನಾವು ಕುಳಿತು ಯೋಚಿಸಿದ್ದು ಕಡಿಮೆ.

ದೂರದ ಮಲೆನಾಡಿಗೆ ಹೋಗುವ ಮೊದಲು ಈ ಸಭಾಂಗಣದಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಜಾಗದಿಂದಲೇ ಶುರುಮಾಡೋಣ. 2017ರ ಅಕ್ಟೋಬರ್ 7, ಶನಿವಾರ ಸಂಜೆ. ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಬಿಳಿ ಹುಲಿಗಳ ಆವರಣ. ನಲವತ್ತರ ಆಸುಪಾಸಿನ ಪ್ರಾಣಿ ಪಾಲಕರೊಬ್ಬರು ಹುಲಿಗಳಿಗೆ ಆಹಾರ ಕೊಡುವ ಕೆಲಸದಲ್ಲಿದ್ದಾಗ ಎರಡು ಎಳೆಯ ಬಿಳಿ ಹುಲಿಗಳು ಅವರ ಮೇಲೆರಗಿದವು. ಅವರು ಅಲ್ಲೇ ತೀರಿಕೊಂಡರು. ಅವರು ಪಕ್ಕದ ಹಕ್ಕಿಪಿಕ್ಕಿ ಕಾಲೋನಿಯ ನಿವಾಸಿ. ಆ ಕೆಲಸಕ್ಕೆ ಸೇರಿ ಕೆಲವೇ ದಿನಗಳಾಗಿದ್ದವು. ಆವರಣದ ಒಂದು ಗೇಟು ಸರಿಯಾಗಿ ಮುಚ್ಚಿರಲಿಲ್ಲ ಎಂದು ಮರುದಿನದ ಪತ್ರಿಕೆಗಳಲ್ಲಿ ಬಂತು. ಮನೆಯವರು, ಕಾಲೋನಿಯವರು ಪ್ರತಿಭಟನೆಗೆ ಕುಳಿತರು. ಅದಕ್ಕೂ ಮೊದಲು 2015ರಲ್ಲಿ ಇದೇ ಉದ್ಯಾನದಲ್ಲಿ ಸಿಂಹಗಳು ಇನ್ನೊಬ್ಬ ಪಾಲಕರನ್ನು ಗಾಯಗೊಳಿಸಿದ್ದವು.

ನಾನು ಸತ್ತವರ ಹೆಸರು ಹೇಳುತ್ತಿಲ್ಲ. ಅವರ ಮನೆಯವರು ಈ ಸಭೆಯಲ್ಲಿಲ್ಲ, ಅವರ ಅನುಮತಿಯಿಲ್ಲದೆ ಅವರ ದುಃಖಕ್ಕೆ ನನ್ನ ವೇದಿಕೆಯನ್ನು ಹೊಂದಿಸುವುದು ಸರಿಯಲ್ಲ. ಅವರ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸಿ ಹೇಳುವುದಿಲ್ಲ. ಇಂಥ ಸಾವು ಸಂಭವಿಸಿದ ಯಾವ ಮನೆಯವರಿಗಾದರೂ ಸಹಜವಾಗಿ ಬರುವ ಪ್ರಶ್ನೆಗಳನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ.

ಮೃಗಾಲಯದಲ್ಲಿ ಹುಲಿಯ ಆವರಣ ಹೇಗಿರುತ್ತದೆ ಎಂದು ಸ್ವಲ್ಪ ಹೇಳಬೇಕು. ನಾವು ಹೊರಗಿನಿಂದ ನೋಡುವ ಹುಲ್ಲುಗಾವಲು ಒಂದು ಭಾಗ. ಅದರ ಹಿಂದೆ ರಾತ್ರಿ ಕೂಡಿಹಾಕುವ ಕೋಣೆಗಳ ಸಾಲು. ನಡುವೆ ಸರಿಸುವ ಕಬ್ಬಿಣದ ಬಾಗಿಲುಗಳು, ಅವುಗಳನ್ನು ಹೊರಗೆ ನಿಂತೇ ಎಳೆದು ಮುಚ್ಚಿ ಬೀಗ ಹಾಕುವ ವ್ಯವಸ್ಥೆ. ಪ್ರಾಣಿಯನ್ನು ಒಂದು ಭಾಗಕ್ಕೆ ಕಳಿಸಿ, ಬಾಗಿಲು ಮುಚ್ಚಿ, ಬೀಗ ಹಾಕಿ, ಎಲ್ಲ ಪ್ರಾಣಿಗಳೂ ಆ ಭಾಗದಲ್ಲಿವೆಯೇ ಎಂದು ಎಣಿಸಿ ನೋಡಿದ ಮೇಲೆಯೇ ಮನುಷ್ಯ ಇನ್ನೊಂದು ಭಾಗಕ್ಕೆ ಕಾಲಿಡಬೇಕು. ಹುಲಿ, ಸಿಂಹಗಳಿರುವಲ್ಲಿ ಒಬ್ಬರು ಹಾಕಿದ ಬೀಗವನ್ನು ಇನ್ನೊಬ್ಬರು ನೋಡಬೇಕು ಎಂಬುದು ಈ ಕೆಲಸದ ಮೂಲ ಎಚ್ಚರ. ಹಾಗಾಗಿ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಆ ಸಂಜೆ ಎಷ್ಟು ಜನ ಕೆಲಸದಲ್ಲಿದ್ದರು? ಬೀಗ ಯಾರ ಕೈಯಲ್ಲಿತ್ತು? ಬಾಗಿಲು ಕೆಟ್ಟಿತ್ತೇ, ಮರೆತು ಹೋಗಿತ್ತೇ? ಹೊಸಬರಿಗೆ ಎಷ್ಟು ದಿನ ಕಲಿಸಿದ್ದರು, ಕಲಿಸಿದ್ದಕ್ಕೆ ದಾಖಲೆ ಇದೆಯೇ? ಕೂಗು ಕೇಳಿದಾಗ ಅರಿವಳಿಕೆ ಬಂದೂಕು ಎಲ್ಲಿತ್ತು, ಅದನ್ನು ಹಿಡಿಯಬಲ್ಲ ವೈದ್ಯರು ಎಷ್ಟು ದೂರದಲ್ಲಿದ್ದರು?

ಇವುಗಳಲ್ಲಿ ಒಂದೂ ಹುಲಿಯನ್ನು ದೂರುವ ಪ್ರಶ್ನೆಯಲ್ಲ. ಕಾಡಿನಲ್ಲಿ ಆದ ಸಾವಿಗೆ ನೂರು ಕಾರಣ ಹೇಳಬಹುದು. ಪಂಜರದಲ್ಲಿ ಆದ ಸಾವಿನ ಕಾರಣಗಳೆಲ್ಲ ಮನುಷ್ಯರ ಕೈಯಲ್ಲೇ ಇರುತ್ತವೆ. ಹಾಗಾಗಿಯೇ ಅಲ್ಲಿ ಉತ್ತರ ಕೊಡುವುದು ಸುಲಭ, ಕೊಡದೆ ಉಳಿಯುವುದು ಹೆಚ್ಚು ತಪ್ಪು. ಇನ್ನೊಂದು ದೊಡ್ಡ ಪ್ರಶ್ನೆಯೂ ಇದೆ, ಅದನ್ನು ಮನೆಯವರಲ್ಲ, ನಾವು ಕೇಳಬೇಕು: ಬಿಳಿ ಹುಲಿಯನ್ನು ಅಲ್ಲಿ ಸಾಕುವುದೇ ಯಾಕೆ? ಬಿಳಿ ಹುಲಿ ಬೇರೆ ಜಾತಿಯೇನೂ ಅಲ್ಲ. 1951ರಲ್ಲಿ ರೇವಾ ಸಂಸ್ಥಾನದ ಕಾಡಿನಲ್ಲಿ ಹಿಡಿದ ‘ಮೋಹನ್’ ಎಂಬ ಮರಿಯಿಂದ ಶುರುವಾಗಿ, ರಕ್ತಸಂಬಂಧದೊಳಗೇ ಕೂಡಿಸಿ ಬೆಳೆಸಿಕೊಂಡು ಬಂದ ಬಣ್ಣ ಅದು. ಕಾಡಿಗೆ ಮರಳಿ ಬಿಡಲು ಅವುಗಳನ್ನು ಸಾಕುವುದಿಲ್ಲ. ನಾವು ಟಿಕೆಟ್ ಕೊಂಡು ನೋಡುತ್ತೇವೆ ಎಂದು ಸಾಕುತ್ತಾರೆ. ದಕ್ಷಿಣ ಬೆಂಗಳೂರಿನಲ್ಲಿ ಮಕ್ಕಳನ್ನು ಒಮ್ಮೆಯಾದರೂ ಬನ್ನೇರುಘಟ್ಟಕ್ಕೆ ಕರೆದುಕೊಂಡು ಹೋಗದ ಮನೆ ಇರಲಿಕ್ಕಿಲ್ಲ. ಆ ಪಾಲಕರು ನಮ್ಮ ಆ ಭಾನುವಾರಗಳಿಗಾಗಿ ದುಡಿಯುತ್ತಿದ್ದವರು.

ಪಂಜರದ ಸಾವಿಗೆ ಉತ್ತರ ಹೇಗಿರಬಹುದು ಎಂಬುದಕ್ಕೆ ಒಂದು ಉದಾಹರಣೆ ನೋಡಿ. 2007ರ ಕ್ರಿಸ್‌ಮಸ್ ದಿನ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಮೃಗಾಲಯದಲ್ಲಿ ‘ಟಟಿಯಾನಾ’ ಎಂಬ ಸೈಬೀರಿಯಾದ ಹುಲಿ ಆವರಣದಿಂದ ಹೊರಬಂದು ಹದಿನೇಳರ ಹುಡುಗನೊಬ್ಬನನ್ನು ಕೊಂದಿತು. ಹುಡುಗನೇ ಹುಲಿಯನ್ನು ಕೆಣಕಿದ ಎಂಬ ಮಾತು ಮೊದಲು ಓಡಾಡಿತು. ಗೋಡೆ ಹದಿನೆಂಟು ಅಡಿ ಇದೆ ಎಂದು ಮೃಗಾಲಯ ಹೇಳಿತು. ಆಮೇಲೆ ಅಳತೆಪಟ್ಟಿ ಹಿಡಿದು ನೋಡಿದರೆ ಗೋಡೆಯ ಎತ್ತರ 12.5 ಅಡಿ. ಅಲ್ಲಿನ ಮೃಗಾಲಯಗಳ ಸಂಘವೇ ಶಿಫಾರಸು ಮಾಡಿದ್ದ ಎತ್ತರ 16.4 ಅಡಿ. ಹುಡುಗ ಕೆಣಕಿದನೋ ಇಲ್ಲವೋ ಎಂಬ ವಾದ ಮುಂದುವರಿಯಿತು. ಆದರೆ ನಾಲ್ಕು ಅಡಿಯ ಕೊರತೆ ಕಾಗದದ ಮೇಲೆ ಬಂದ ಮೇಲೆ ಅದನ್ನು ಯಾರೂ ಅಳಿಸಲಾಗಲಿಲ್ಲ, ಮೃಗಾಲಯ ಗೋಡೆ ಎತ್ತರಿಸಿತು. ಮನೆಯವರಿಗೆ ಬೇಕಾಗಿರುವುದು ಇಂಥ ಅಳತೆ.

ನಮ್ಮಲ್ಲಿ 2014ರ ಸೆಪ್ಟೆಂಬರ್ 23ರಂದು ದೆಹಲಿ ಮೃಗಾಲಯದಲ್ಲಿ ಯುವಕನೊಬ್ಬ ‘ವಿಜಯ್’ ಎಂಬ ಬಿಳಿ ಹುಲಿಯ ಆವರಣಕ್ಕೆ ಬಿದ್ದು ಸತ್ತ. ದೇಶವೆಲ್ಲ ಮೊಬೈಲಿನಲ್ಲಿ ಆ ದೃಶ್ಯ ನೋಡಿತು. ಅವನು ಕುಡಿದಿದ್ದನೇ, ಹುಚ್ಚನೇ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಸತ್ತವರ ಬಗ್ಗೆ ಹೀಗೆ ಮಾತಾಡುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ಕಾಫಿ ತೋಟದ ಆಳು ಆನೆ ತುಳಿದು ಸತ್ತರೆ ‘ಎಚ್ಚರಿಕೆ ಕೊಟ್ಟಿದ್ದರೂ ಆ ದಾರಿಯಲ್ಲಿ ಹೋದ’, ಬೆಟ್ಟಕ್ಕೆ ಹೋದ ಹುಡುಗ ಸತ್ತರೆ ‘ಸೆಲ್ಫಿಗೆ ಹೋಗಿದ್ದ’. ಎರಡೂ ಕೆಲವೊಮ್ಮೆ ನಿಜವಿರಬಹುದು. ಆದರೆ ಆ ಒಂದು ಸಾಲು ಪತ್ರಿಕೆಯಲ್ಲಿ ಬಂದ ಕ್ಷಣ ಉಳಿದ ಎಲ್ಲ ಪ್ರಶ್ನೆಗಳೂ ಮುಗಿದವು ಎಂದು ಎಲ್ಲರೂ ಏಳುತ್ತಾರೆ. ಮನೆಯವರು ಮಾತ್ರ ಅಲ್ಲೇ ಕುಳಿತಿರುತ್ತಾರೆ.

ಈಗ ಕಾಡಿನ ಅಂಚಿನ ಊರುಗಳಿಗೆ ಬರೋಣ. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ, ಬೇಲೂರು, ಕೊಡಗಿನ ಸಿದ್ದಾಪುರದ ಸುತ್ತ, ಚಿಕ್ಕಮಗಳೂರು, ಎಚ್.ಡಿ. ಕೋಟೆ, ಸರಗೂರು, ನಮಗೆ ಹತ್ತಿರದ ಆನೇಕಲ್, ಕನಕಪುರ ಕಡೆಯ ಹಳ್ಳಿಗಳು. ಅಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಾಣುತ್ತದೆ: ಹೆಣವನ್ನು ರಸ್ತೆಯಲ್ಲೋ ರೇಂಜ್ ಆಫೀಸಿನ ಮುಂದೆಯೋ ಇಟ್ಟು ಊರವರು ಕೂರುತ್ತಾರೆ. ಡಿಸಿ ಬರಬೇಕು, ಮಂತ್ರಿ ಬರಬೇಕು, ಅಲ್ಲಿಯವರೆಗೆ ಹೆಣ ಎತ್ತುವುದಿಲ್ಲ ಎನ್ನುತ್ತಾರೆ. ಪಟ್ಟಣದಲ್ಲಿ ಕುಳಿತು ನೋಡಿದವರಿಗೆ ಇದು ಒರಟಾಗಿ ಕಾಣಬಹುದು, ಸತ್ತವರಿಗೆ ಗೌರವವಿಲ್ಲವೇ ಎನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಹೆಣ ಎದುರಿಗಿರುವ ಆ ಕೆಲವು ಗಂಟೆಗಳಲ್ಲಿ ಮಾತ್ರ ಸರ್ಕಾರ ಆ ಮನೆಯವರ ಎದುರು ನಿಂತು ಮಾತಾಡುತ್ತದೆ ಎಂದು ಅವರು ಅನುಭವದಿಂದ ಕಲಿತಿದ್ದಾರೆ. ಮಣ್ಣು ಮಾಡಿದ ಮೇಲೆ ಯಾರೂ ಬರುವುದಿಲ್ಲ. ಹನ್ನೊಂದನೆಯ ದಿನಕ್ಕೆ ಬರುವುದು ನೆಂಟರು ಮಾತ್ರ. ಇಡೀ ಉತ್ತರವನ್ನು ಒಂದೇ ಹಗಲಿನಲ್ಲಿ ಪಡೆಯಬೇಕಾದ ಸ್ಥಿತಿಗೆ ತಂದಿಟ್ಟವರು ನಾವು.

ಆ ಹಗಲು ಸಿಗುವುದು ಏನು? ಪರಿಹಾರದ ಘೋಷಣೆ. ಕರ್ನಾಟಕದಲ್ಲಿ ಆ ಮೊತ್ತ ಏಳೂವರೆ ಲಕ್ಷ ರೂಪಾಯಿ ಇತ್ತು, 2022ರ ಕೊನೆಯಲ್ಲಿ ಅದನ್ನು 15 ಲಕ್ಷಕ್ಕೆ ಏರಿಸಿದರು. ತಿಂಗಳಿಗೆ ಎರಡು ಸಾವಿರವಿದ್ದ ಮಾಸಾಶನ ನಾಲ್ಕು ಸಾವಿರವಾಯಿತು, ಐದು ವರ್ಷಗಳವರೆಗೆ. ಇದು ಸಣ್ಣ ಸಂಗತಿಯಲ್ಲ. ದುಡಿಯುವ ಒಬ್ಬನೇ ಹೋದ ಮನೆಗೆ ಅದು ಅಕ್ಕಿ, ಶಾಲೆಯ ಫೀಸು, ಸೊಸೈಟಿ ಸಾಲ. ಅರ್ಜಿ ಹಾಕಲು ಇ-ಪರಿಹಾರ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯ ಕೃತಿ ಕಾರಂತರು 2015ರಲ್ಲಿ ಬಂಡೀಪುರ, ನಾಗರಹೊಳೆ ಸುತ್ತಲಿನ ಊರುಗಳಿಗಾಗಿ ‘ವೈಲ್ಡ್ ಸೇವೆ’ ಶುರುಮಾಡಿದರು. ಉಚಿತ ಸಂಖ್ಯೆಗೆ ಕರೆ ಮಾಡಿದರೆ ಸಿಬ್ಬಂದಿ ಮನೆಗೇ ಬಂದು ಫೋಟೋ ತೆಗೆದು, ಕಾಗದಪತ್ರ ಹೊಂದಿಸಿ, ಅರ್ಜಿ ಹಾಕಿಸುತ್ತಾರೆ. ನಾನು ಮನಸ್ಸು ತುಂಬಿ ಮೆಚ್ಚುವ ಕೆಲಸ ಇದು. ಕಾಗದ ಹೊಂದಿಸಲು ಬಾರದ್ದರಿಂದಲೇ ಹಕ್ಕು ಕಳೆದುಕೊಂಡವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು.

ಆದರೆ ಪರಿಹಾರದ ಕಡತದಲ್ಲಿ ಏನಿರುತ್ತದೆ ನೋಡಿ. ಪೊಲೀಸರ ಅಸ್ವಾಭಾವಿಕ ಮರಣದ ವರದಿ ಇರುತ್ತದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ಬರೆಯುತ್ತಿದ್ದುದನ್ನು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ರ ಅಡಿ ಬರೆಯುತ್ತಾರೆ. ಸ್ಥಳ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಕೊಂದದ್ದು ಕಾಡುಪ್ರಾಣಿಯೇ ಎಂಬ ಅರಣ್ಯ ಇಲಾಖೆಯ ದೃಢೀಕರಣ, ವಾರಸುದಾರರ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ಇವೆಲ್ಲ ಸೇರಿ ಹೇಳುವುದು ಒಂದೇ ಸಂಗತಿ: ಈ ಮನುಷ್ಯ ಸತ್ತದ್ದು ಕಾಡುಪ್ರಾಣಿಯಿಂದ, ಹಣ ಈ ಖಾತೆಗೆ ಹೋಗಬೇಕು. ಆ ಆನೆ ಮೂರು ದಿನದಿಂದ ಅಲ್ಲೇ ಇತ್ತೇ, ಇಲಾಖೆಗೆ ಗೊತ್ತಿತ್ತೇ, ಗೊತ್ತಿದ್ದರೆ ಊರಿಗೆ ಯಾರು ಹೇಳಿದರು, ಸೋಲಾರ್ ಬೇಲಿಗೆ ಆ ರಾತ್ರಿ ಕರೆಂಟು ಹರಿಯುತ್ತಿತ್ತೇ, ಆನೆ ಕಂದಕ ಯಾವಾಗ ಕುಸಿದಿತ್ತು — ಇದಕ್ಕೆಲ್ಲ ಆ ಕಡತದಲ್ಲಿ ಜಾಗವಿಲ್ಲ.

ಇದಕ್ಕೆ ಎದುರಾಗಿ ಹುಲಿ ಸತ್ತಾಗ ಏನಾಗುತ್ತದೆ ಎಂದು ನೋಡೋಣ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ನಿಯಮದಂತೆ ಪ್ರತಿಯೊಂದು ಹುಲಿಯ ಸಾವನ್ನೂ, ಬೇರೆ ಕಾರಣ ಸಿದ್ಧವಾಗುವವರೆಗೆ, ಕಳ್ಳಬೇಟೆ ಎಂದೇ ಭಾವಿಸಿ ತನಿಖೆ ಮಾಡಬೇಕು. ಪ್ರಾಧಿಕಾರದ ಪ್ರತಿನಿಧಿಯ ಸಮ್ಮುಖದಲ್ಲಿ ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಬೇಕು. ಫೋಟೋ ತೆಗೆಯಬೇಕು, ಅಂಗಾಂಶದ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು, ಸಾವಿನ ಕಾರಣ ಬರೆದ ಅಂತಿಮ ವರದಿ ದೆಹಲಿ ತಲುಪಬೇಕು. ಅದು ತಲುಪುವವರೆಗೆ ಪ್ರಕರಣ ಮುಚ್ಚುವುದಿಲ್ಲ. ಇದು ಸರಿಯಾದ ನಿಯಮ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿದ್ದವು ಎಂದರೆ ಅದರ ಹಿಂದೆ ಇಂಥ ಕಟ್ಟುನಿಟ್ಟಿನ ಪಾಲೂ ಇದೆ. ಅದೇ ಕಟ್ಟುನಿಟ್ಟು, ಅದೇ ‘ಕಾರಣ ಬರೆಯದೆ ಕಡತ ಮುಚ್ಚುವಂತಿಲ್ಲ’ ಎಂಬ ಹಟ, ಹುಲಿಯಿಂದ ಸತ್ತ ಮನುಷ್ಯನಿಗೂ ಇರಲಿ ಎಂಬುದೇ ಇವತ್ತಿನ ನನ್ನ ಮಾತಿನ ತಿರುಳು. ಹುಲಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ.

ಹಣ ಕೊಟ್ಟರೆ ಸಾಕಲ್ಲವೇ, ವರದಿ ಯಾಕೆ ಎಂದು ಕೇಳುವವರಿದ್ದಾರೆ. ಅವರಿಗೆ ಟಿ. ನರಸೀಪುರದ ಉದಾಹರಣೆ ಕೊಡುತ್ತೇನೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯ ನಡುವೆ ಆ ಒಂದೇ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಸತ್ತರು. ಮೊದಲು ಒಬ್ಬ ಕಾಲೇಜು ಹುಡುಗ, ಆಮೇಲೆ ಒಬ್ಬ ವಿದ್ಯಾರ್ಥಿನಿ, ಆಮೇಲೆ ಒಬ್ಬ ವೃದ್ಧೆ, ಕೊನೆಗೆ ಹನ್ನೊಂದರ ಬಾಲಕ. ಕೊನೆಯ ಎರಡು ಸಾವುಗಳ ನಡುವೆ ಒಂದೆರಡು ದಿನವಷ್ಟೇ ಅಂತರ. ಮೈಸೂರು ಜಿಲ್ಲೆಗೆಂದೇ ಚಿರತೆ ಕಾರ್ಯಪಡೆ ರಚನೆಯಾದದ್ದು ಈ ನಾಲ್ಕು ಸಾವುಗಳ ನಂತರ. ನಡುವೆ ಬೋನು ಇಟ್ಟರು, ಚಿರತೆಗಳು ಬಿದ್ದವು. ಬೋನಿಗೆ ಬಿದ್ದ ಪ್ರತಿ ಚಿರತೆಯ ಎದುರಿಗೂ ಊರವರ ಬಾಯಲ್ಲಿ ಒಂದೇ ಪ್ರಶ್ನೆ: ಇದೇನಾ ಅದು?

ಆ ಪ್ರಶ್ನೆಗೆ ಇವತ್ತು ವಿಜ್ಞಾನದಲ್ಲಿ ಉತ್ತರವಿದೆ. ಪ್ರತಿ ಹುಲಿಯ ಪಟ್ಟೆ, ಪ್ರತಿ ಚಿರತೆಯ ಚುಕ್ಕೆ ಬೇರೆ ಬೇರೆ. ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಸಿಕ್ಕ ಚಿತ್ರಗಳನ್ನು ಹೋಲಿಸಿ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಸುವ ವಿಧಾನವನ್ನು ಉಲ್ಲಾಸ ಕಾರಂತರು ನಮ್ಮ ನಾಗರಹೊಳೆಯಲ್ಲೇ ಬೆಳೆಸಿ ಜಗತ್ತಿಗೆ ಕೊಟ್ಟರು. ಗಾಯದ ಮೇಲಿನ ಜೊಲ್ಲು, ಬಟ್ಟೆಗೆ ಅಂಟಿದ ಕೂದಲು, ಹತ್ತಿರ ಬಿದ್ದ ಮಲ, ಇವುಗಳಿಂದ ಡಿಎನ್‌ಎ ತೆಗೆದು ಸೆರೆಸಿಕ್ಕ ಪ್ರಾಣಿಯ ಡಿಎನ್‌ಎ ಜೊತೆ ತಾಳೆ ನೋಡಬಹುದು. ಅದಕ್ಕೆ ಬೇಕಾದ ಪ್ರಯೋಗಾಲಯ ಹೈದರಾಬಾದಿನಲ್ಲಿದೆ. ಆದರೆ ಜೊಲ್ಲಿನ ಮಾದರಿಯನ್ನು ಹೆಣ ತೊಳೆಯುವ ಮೊದಲೇ ತೆಗೆಯಬೇಕು. ತಾಲ್ಲೂಕು ಆಸ್ಪತ್ರೆಯ ಶವಾಗಾರದಲ್ಲಿ ಆ ಹೊತ್ತಿಗೆ ಹತ್ತಿಯ ಕಡ್ಡಿ ಹಿಡಿದು ನಿಲ್ಲುವವರು ಯಾರು ಎಂದು ಮೊದಲೇ ಗೊತ್ತಾಗಿರಬೇಕು. ಅಷ್ಟು ಸಣ್ಣ ವಿಷಯದ ಮೇಲೆ ಅಷ್ಟು ದೊಡ್ಡ ಉತ್ತರ ನಿಂತಿದೆ.

2011ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ನಡೆದದ್ದು ಇದಕ್ಕೆ ಹತ್ತಿರದ್ದು. ಜುಲೈ 6ರಂದು ಹೆಂಡತಿಯೊಡನೆ ನಡೆದುಹೋಗುತ್ತಿದ್ದ ಒಬ್ಬರನ್ನು ಮರಿಗಳಿದ್ದ ಗ್ರಿಜ್ಲಿ ಕರಡಿ ಕೊಂದಿತು. ತನಿಖೆ ಮಾಡಿದವರು, ಇದು ಮರಿಗಳನ್ನು ಕಾಯಲು ಗಾಬರಿಯಲ್ಲಿ ಮಾಡಿದ ದಾಳಿ ಎಂದು ತೀರ್ಮಾನಿಸಿ ಕರಡಿಯನ್ನು ಕೊಲ್ಲಲಿಲ್ಲ. ಆಗಸ್ಟ್‌ನಲ್ಲಿ ಸ್ವಲ್ಪ ದೂರದಲ್ಲಿ ಇನ್ನೊಬ್ಬರು ಸತ್ತರು. ಡಿಎನ್‌ಎ ಪರೀಕ್ಷೆಯಲ್ಲಿ ಎರಡನೆಯ ಸ್ಥಳದಲ್ಲೂ ಅದೇ ಹೆಣ್ಣು ಕರಡಿ ಇದ್ದದ್ದು ಗೊತ್ತಾಯಿತು. ಆಗ ಅದನ್ನು ಹಿಡಿದು ಕೊಂದರು. ಮೊದಲನೆಯ ತೀರ್ಮಾನ ಸರಿಯೇ ತಪ್ಪೇ ಎಂದು ಇವತ್ತಿಗೂ ವಾದಿಸಬಹುದು. ಆದರೆ ಎರಡೂ ಸಾವುಗಳ ಬಗ್ಗೆ ತಜ್ಞರ ಪರಿಶೀಲನಾ ಮಂಡಳಿ ಬರೆದ ವರದಿ, ಯಾರು ಎಲ್ಲಿ ಇದ್ದರು, ಎಷ್ಟು ಹೊತ್ತಿಗೆ ಏನು ಕೇಳಿತು, ಕರಡಿಯನ್ನು ಯಾಕೆ ಬಿಟ್ಟರು, ಯಾಕೆ ಕೊಂದರು ಎಂಬುದನ್ನೆಲ್ಲ ಹೇಳುತ್ತದೆ. ಅದನ್ನು ಯಾರು ಬೇಕಾದರೂ ಓದಬಹುದು. ವಾದಿಸಲಿಕ್ಕಾದರೂ ಆ ಮನೆಯವರ ಕೈಯಲ್ಲಿ ಒಂದು ಬರಹ ಇದೆ.

ಇದು ವಿದೇಶದ ಸಂಪ್ರದಾಯ, ನಮ್ಮದಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬೇಗೂರಿಗೆ ಹೋಗಿ. ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 900ರ ಶಾಸನವಿದೆ. ಬೆಂಗಳೂರು ಎಂಬ ಹೆಸರು ಬರುವ ಅತಿ ಹಳೆಯ ಶಾಸನ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅದು ಮೂಲತಃ ಬೆಂಗಳೂರು ಕಾಳಗದಲ್ಲಿ ಸತ್ತವನೊಬ್ಬನ ನೆನಪಿನದು. ನಮ್ಮ ಊರಿನ ಹೆಸರು ಉಳಿದು ಬಂದದ್ದೇ ಒಂದು ಸಾವಿನ ವಿವರವನ್ನು ಯಾರೋ ಕಲ್ಲಿನಲ್ಲಿ ಬರೆಸಿದ್ದರಿಂದ. ಕರ್ನಾಟಕದ ಉದ್ದಗಲಕ್ಕೂ ಇರುವ ವೀರಗಲ್ಲುಗಳಲ್ಲಿ ಹುಲಿಯೊಡನೆ ಹೋರಾಡಿ ಸತ್ತವರವೂ ಇವೆ. ಕೆಳಗಿನ ಪಟ್ಟಿಕೆಯಲ್ಲಿ ಮನುಷ್ಯ ಮತ್ತು ಹುಲಿ ಎದುರುಬದುರು, ಹುಲಿಯ ಪಂಜ ಎಲ್ಲಿತ್ತು, ಅವನ ಕತ್ತಿ ಎಲ್ಲಿ ತಾಗಿತು ಎಂಬುದು ಕೂಡ ಕಾಣುವ ಹಾಗೆ ಕೊರೆದಿರುತ್ತಾರೆ. ಮೇಲೆ ಅವನಿಗೆ ಸ್ವರ್ಗ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವಂತೂ, 949ರ ಸುಮಾರಿನದು, ಕಾಡುಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ಬೇಟೆನಾಯಿಗೇ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ಆ ಕಾಲದಲ್ಲಿ ಎಲ್ಲ ಸಾವಿಗೂ ಕಲ್ಲು ಸಿಗುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಕೂಲಿಯವಳಿಗೆ, ಸೌದೆ ತರಲು ಹೋದ ಮುದುಕಿಗೆ ಕಲ್ಲು ನಿಲ್ಲಿಸಿದ ರಾಜ ಇಲ್ಲ. ಆದರೆ ಯಾರಿಗೆ ಕೊಡುತ್ತಿದ್ದರೋ ಅವರಿಗೆ ಭೂಮಿ ಮತ್ತು ಬರಹ ಎರಡನ್ನೂ ಒಟ್ಟಿಗೆ ಕೊಡುತ್ತಿದ್ದರು. ನಾವು ಎಲ್ಲರಿಗೂ ಹಣ ಕೊಡುವಷ್ಟು ಪ್ರಜಾಪ್ರಭುತ್ವವಾದಿಗಳಾದೆವು, ಬರಹವನ್ನು ಕೈಬಿಟ್ಟೆವು.

ಬೇಟೆಯ ಕಥೆಗಳೂ ಈ ಕೆಲಸ ಮಾಡಲಿಲ್ಲ. ಬೆಂಗಳೂರಿನಲ್ಲೇ ಬಾಳಿದ ಕೆನೆತ್ ಆಂಡರ್ಸನ್ ನಮ್ಮ ಆನೇಕಲ್ಲಿನಾಚೆಯ ಜವಳಗಿರಿ, ಕನ್ನಡವೇ ಮನೆಮಾತಾಗಿದ್ದ ಗುಮ್ಮಳಾಪುರ, ಇತ್ತ ಮಾಗಡಿಯ ಹುಲಿ, ಚಿರತೆಗಳ ಬಗ್ಗೆ ಬರೆದರು. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮಾಲೆಯಲ್ಲಿ ಅವನ್ನು ಕನ್ನಡಕ್ಕೆ ತಂದು ನಮ್ಮ ಎರಡು ತಲೆಮಾರನ್ನು ಕಾಡಿನ ಕಡೆ ತಿರುಗಿಸಿದರು. ನಾನೂ ಆ ಓದುಗರಲ್ಲಿ ಒಬ್ಬ. ಆದರೆ ಆ ಕಥೆಗಳು ಗುಂಡಿನ ಶಬ್ದದೊಂದಿಗೆ ಮುಗಿಯುತ್ತವೆ. ಚಿರತೆಗೆ ಹೆಸರಿದೆ, ಬೇಟೆಗಾರನಿಗೆ ಹೆಸರಿದೆ, ಸತ್ತವರ ಮನೆಗಳು ಲೆಕ್ಕವಾಗಿ ಉಳಿಯುತ್ತವೆ. ಪ್ರಾಣಿಯನ್ನು ಕೊಂದುಬಿಟ್ಟರೆ ಉತ್ತರ ಸಿಕ್ಕಂತೆ ಎಂಬ ಭಾವನೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ಬೇರೂರಿದ್ದು ಹಾಗೆಯೇ ಇರಬೇಕು. ಇವತ್ತಿಗೂ ಯಾವ ಪ್ರತಿಭಟನೆಯಲ್ಲೂ ಮೊದಲ ಬೇಡಿಕೆ ‘ಆ ಸಲಗವನ್ನು ಹಿಡಿಯಿರಿ’ ಎಂಬುದೇ.

ಹಿಡಿದರೆ ಮುಗಿಯುತ್ತದೆಯೇ? 2023ರ ಕೊನೆಯಲ್ಲಿ ಹಾಸನದ ಬೇಲೂರು ಕಡೆ ಹಿಡಿದು, ಕೊರಳಿಗೆ ರೇಡಿಯೋ ಕಾಲರ್ ಹಾಕಿ, ಬಂಡೀಪುರದ ಕಾಡಿಗೆ ಬಿಟ್ಟ ಮಖನಾ (ದಂತವಿಲ್ಲದ ಗಂಡು) ಆನೆ ಗಡಿ ದಾಟಿ ಹೋಗಿ 2024ರ ಫೆಬ್ರವರಿ 10ರಂದು ವಯನಾಡಿನ ಮಾನಂತವಾಡಿಯಲ್ಲಿ ಒಬ್ಬರನ್ನು ಮನೆಯಂಗಳದವರೆಗೂ ಅಟ್ಟಿಸಿಕೊಂಡು ಹೋಗಿ ತುಳಿದು ಕೊಂದಿತು. ಕಾಲರಿನ ಸಂಕೇತ ಎರಡು ರಾಜ್ಯಗಳ ನಡುವೆ ಸರಿಯಾಗಿ ಹಂಚಿಕೆಯಾಗಿತ್ತೇ ಎಂದು ವಿವಾದವಾಯಿತು. ಕರ್ನಾಟಕ ಸರ್ಕಾರ 15 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ಹಣ ರಾಜಕೀಯ ಜಗಳದ ವಸ್ತುವಾದಾಗ ಮನೆಯವರು ಅದನ್ನು ಬೇಡವೆಂದರು. ಆ ನಿರಾಕರಣೆಯನ್ನು ನಾನು ತುಂಬ ಗೌರವದಿಂದ ನೆನೆಯುತ್ತೇನೆ. ಗಂಡನನ್ನು, ತಂದೆಯನ್ನು ಕಳೆದುಕೊಂಡ ಮನೆ 15 ಲಕ್ಷ ಬಿಡುವುದೆಂದರೆ ಸುಮ್ಮನೆ ಅಲ್ಲ.

ಕಾನೂನಿನ ಪ್ರಕಾರ ಈ ಪ್ರಾಣಿಗಳು ಯಾರವು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮು ಕೊಲ್ಲಲ್ಪಟ್ಟ, ಸೆರೆಹಿಡಿದ, ಪಂಜರದಲ್ಲಿಟ್ಟು ಸಾಕಿದ ವನ್ಯಪ್ರಾಣಿಗಳನ್ನು ಸರ್ಕಾರದ ಸ್ವತ್ತು ಎನ್ನುತ್ತದೆ. 11ನೇ ಕಲಮಿನಂತೆ ಮನುಷ್ಯರ ಜೀವಕ್ಕೆ ಅಪಾಯವಾದ ಹುಲಿಯನ್ನೋ ಆನೆಯನ್ನೋ ಏನು ಮಾಡಬೇಕೆಂದು, ಕಾರಣವನ್ನು ಬರವಣಿಗೆಯಲ್ಲಿ ನಮೂದಿಸಿ, ಆದೇಶ ಕೊಡಬಲ್ಲವರು ಮುಖ್ಯ ವನ್ಯಜೀವಿ ಪರಿಪಾಲಕರು ಮಾತ್ರ. ಜೀವ ಉಳಿಸಿಕೊಳ್ಳುವ ಸಂದರ್ಭ ಬಿಟ್ಟರೆ ಊರವನಿಗೆ ಕೋಲೆತ್ತುವ ಅಧಿಕಾರವಿಲ್ಲ, ಅದು ಇರಬಾರದು ಕೂಡ. ಬನ್ನೇರುಘಟ್ಟದ ಕಾಲೋನಿಯ ಹಕ್ಕಿಪಿಕ್ಕಿ ಜನರಿಗಿಂತ ಚೆನ್ನಾಗಿ ಈ ಕಾಯ್ದೆಯ ಭಾರ ಬಲ್ಲವರು ಯಾರಿದ್ದಾರೆ? ತಲೆತಲಾಂತರದಿಂದ ಬೇಟೆಯಿಂದ ಬಾಳಿದ ಸಮುದಾಯ ಆ ಕಾಯ್ದೆ ಬಂದ ಮೇಲೆ ಬದುಕನ್ನೇ ಬದಲಿಸಿಕೊಂಡಿತು. ಜನರ ಕೈಯಿಂದ ಆಯುಧವನ್ನೂ ನಿರ್ಧಾರವನ್ನೂ ತೆಗೆದುಕೊಂಡ ಸರ್ಕಾರ, ಏನಾಯಿತು ಎಂದು ವಿವರಿಸುವ ಹೊಣೆಯನ್ನೂ ಜೊತೆಗೆ ತೆಗೆದುಕೊಂಡಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಕಲಮು ಇದನ್ನೇ ಹೇಳುತ್ತದೆ: ಆಡಳಿತದ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ಒದಗಿಸಬೇಕು. ಅವರು ಅರ್ಜಿ ಹಾಕುವವರೆಗೂ ಕಾಯಬೇಕಿಲ್ಲ.

ಇಲಾಖೆಯವರ ಪರವಾಗಿ ಒಂದು ಮಾತು ಹೇಳದೆ ಹೋದರೆ ನಾನು ನ್ಯಾಯ ತಪ್ಪುತ್ತೇನೆ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ‘ಭೀಮ’ ಎಂಬ ಆನೆಗೆ ಚಿಕಿತ್ಸೆ ಕೊಡಲು ಅರಿವಳಿಕೆ ಹೊಡೆಯಲು ಹೋದ, ‘ಆನೆ ವೆಂಕಟೇಶ್’ ಎಂದೇ ನಾಡಿಗೆ ಗೊತ್ತಿದ್ದವರು ಅದೇ ಆನೆಯಿಂದ ಸತ್ತರು. ದಿನಗೂಲಿಯ ವಾಚರುಗಳು ಟಾರ್ಚು, ಪಟಾಕಿ ಹಿಡಿದು ರಾತ್ರಿಯಿಡೀ ಆನೆ ಹಿಂಡಿನ ಹಿಂದೆ ನಡೆಯುತ್ತಾರೆ. ಹೆಣ ಇಟ್ಟ ರಸ್ತೆಯಲ್ಲಿ ಏಟು ತಿನ್ನುವವರೂ ಅವರೇ. ಏನಾಯಿತು ಎಂಬ ಸತ್ಯ ಕಾಗದಕ್ಕೆ ಬಂದರೆ ಮೊದಲು ಉಪಕಾರವಾಗುವುದು ಇವರಿಗೆ. ವಾಹನ ಇರಲಿಲ್ಲ, ಹುದ್ದೆ ಖಾಲಿ ಇತ್ತು, ಬೇಲಿ ರಿಪೇರಿಗೆ ಕೇಳಿದ ಹಣ ಬರಲಿಲ್ಲ ಎಂಬುದು ಮೇಲಿನವರ ಮೇಜಿಗೆ ತಲುಪುವುದು ಆಗ ಮಾತ್ರ.

ಇನ್ನು ನಮ್ಮ ಪಾಲು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯವನ್ನು 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಎಂದಿಟ್ಟಿದ್ದರು. 2018ರ ಕರಡಿನಲ್ಲಿ ಅದು 168.84ಕ್ಕೆ ಇಳಿಯಿತು, 2020ರಲ್ಲಿ ಅಷ್ಟಕ್ಕೇ ಅಂತಿಮವಾಯಿತು. ನೂರು ಚದರ ಕಿಲೋಮೀಟರ್ ಹೋಯಿತು. ಅಲ್ಲಿ ಎದ್ದ, ಏಳುತ್ತಿರುವ ಬಡಾವಣೆಗಳಲ್ಲಿ ಸೈಟು ಕೊಂಡವರು ನಮ್ಮ ನಡುವಿನವರೇ. ತುರಹಳ್ಳಿಯ ಅಂಚಿನಲ್ಲಿ, ಬನಶಂಕರಿ ಆರನೇ ಹಂತದ ಆಚೆ ಚಿರತೆ ಕಂಡಿತೆಂದು ವಾಟ್ಸ್ಆ್ಯಪ್‌ನಲ್ಲಿ ಬಂದಾಗ ನಾವು ಗಾಬರಿಯಾಗುತ್ತೇವೆ. 2023ರ ನವೆಂಬರ್ 1ರಂದು ಕೂಡ್ಲು ಬಳಿ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಚಿರತೆ ಸೆರೆ ಕಾರ್ಯಾಚರಣೆಯಲ್ಲಿ ಸತ್ತಿತು. ಆನೆ ದಾರಿಯ ಮೇಲೆ ಮನೆ ಕಟ್ಟಿಕೊಂಡವರ ಭಯಕ್ಕೆ ಬೋನು ಬೇಗ ಬರುತ್ತದೆ. ರಾಗಿಹಳ್ಳಿ ಕಾಡಿನ ಅಂಚಿನಲ್ಲಿ ರಾಗಿ ಕಾಯುತ್ತ ಅಟ್ಟಣೆಯಲ್ಲಿ ಮಲಗುವವರಿಗೆ ಅಷ್ಟು ಬೇಗ ಬರುವುದಿಲ್ಲ. ಈ ಅಂತರವನ್ನು ಬೆಂಗಳೂರಿನವರಾದ ನಾವು ಬಾಯಿಬಿಟ್ಟು ಹೇಳದೆ ಇನ್ಯಾರು ಹೇಳಬೇಕು?

ನಾನು ಕೇಳುವುದು ದೊಡ್ಡದೇನಲ್ಲ. ಕಾಡುಪ್ರಾಣಿಯಿಂದ ಮನುಷ್ಯ ಸತ್ತ ಪ್ರತಿಯೊಂದು ಪ್ರಕರಣದಲ್ಲೂ, ಕಾಡಿನಲ್ಲಾಗಲಿ ಪಂಜರದಲ್ಲಾಗಲಿ, ಅರವತ್ತು ದಿನದೊಳಗೆ ಒಂದು ವರದಿ ಬರಲಿ. ಅದನ್ನು ಬರೆಯುವವರು ಆ ರೇಂಜಿನವರೋ ಆ ಮೃಗಾಲಯದವರೋ ಆಗದಿರಲಿ. ಅದು ಮನೆಯವರು ಓದಬಲ್ಲ ಕನ್ನಡದಲ್ಲಿರಲಿ. ಓದಲು ಬಾರದ ಮನೆಗೆ ಒಬ್ಬ ಅಧಿಕಾರಿ ಹೋಗಿ, ಕುಳಿತು, ಓದಿ ಹೇಳಲಿ, ಅವರು ಕೇಳುವ ಪ್ರಶ್ನೆಗಳನ್ನು ಅದೇ ವರದಿಯ ಕೊನೆಗೆ ಬರೆದುಕೊಂಡು ಬರಲಿ. ಹೆಸರು, ವಿಳಾಸ ತೆಗೆದು ಉಳಿದದ್ದನ್ನು ಸಾರ್ವಜನಿಕರಿಗೆ ತೆರೆದಿಡಲಿ. 2023ರ ಗಣತಿಯಂತೆ 6,395 ಆನೆಗಳಿರುವ, ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. ಇಂಥ ವರದಿ ಬರೆಯುವುದನ್ನು ದೇಶಕ್ಕೆ ಕಲಿಸಬೇಕಾದವರೂ ನಾವೇ.

ಸಭೆಯಲ್ಲಿ ನಿವೃತ್ತ ನ್ಯಾಯಾಧೀಶರಿದ್ದೀರಿ, ವಕೀಲರಿದ್ದೀರಿ, ಸರ್ಕಾರಿ ಸೇವೆಯಲ್ಲಿ ಕಡತ ನೋಡಿ ಪಳಗಿದ ಹಿರಿಯರಿದ್ದೀರಿ. ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು ನಿಮಗೆ ಹತ್ತು ನಿಮಿಷದ ಕೆಲಸ, ಆನೇಕಲ್ ತಾಲ್ಲೂಕಿನ ಒಂದು ಮನೆಗೆ ಅದು ದಾಟಲಾಗದ ಹೊಳೆ. ಇಂಥ ಒಂದು ಮನೆಯ ಪರವಾಗಿ, ಅವರ ಒಪ್ಪಿಗೆ ಪಡೆದು, ಒಂದು ಅರ್ಜಿ ಬರೆದುಕೊಡಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ.